ಸ್ಮಾಲ್‌ಮೌತ್ ಬ್ಯಾಸ್ ಮೀನುಗಾರಿಕೆಯ ಸ್ಪಿನ್ನಿಂಗ್ ಸಲಕರಣೆಗಳು

ಉತ್ತರ ಅಮೆರಿಕದ ಸಿಹಿನೀರಿನ ಮೀನಾದ ಸ್ಮಾಲ್‌ಮೌತ್ ಬ್ಯಾಸನ್ನು ಗಾಳದಿಂದ ಹಿಡಿಯಲು ಬಳಸುವ ಕೋಲು, ಸ್ಥಿರ ಸುರುಳಿಯ ರೀಲು, ದಾರ, ಕೊಕ್ಕೆ ಮತ್ತು ಕೃತಕ ಎರೆಗಳನ್ನು ಒಟ್ಟಾಗಿ ಸ್ಮಾಲ್‌ಮೌತ್ ಬ್ಯಾಸ್ ಮೀನುಗಾರಿಕೆಯ ಸ್ಪಿನ್ನಿಂಗ್ ಸಲಕರಣೆಗಳು ಎನ್ನಲಾಗುತ್ತದೆ. ಹಗುರವಾದ ಎರೆಯನ್ನು ತೆಳುವಾದ ದಾರದಲ್ಲಿ ದೂರಕ್ಕೆ ಎಸೆಯಲು ಸಾಧ್ಯವಾಗುವುದು ಈ ಸಲಕರಣೆಗಳ ಮುಖ್ಯ ಲಕ್ಷಣ. ತಿಳಿನೀರಿನಲ್ಲಿ ವಾಸಿಸುವ, ತನ್ನ ಗಾತ್ರವನ್ನು ಮೀರಿದ ಬಲದಿಂದ ಸೆಣಸುವ ಈ ಮೀನಿಗೆ ಅಂತಹ ಸಲಕರಣೆ ಹೆಚ್ಚು ಸೂಕ್ತವೆಂದು ಪರಿಗಣಿಸಲಾಗಿದೆ.

ಕೋಲು, ರೀಲು, ದಾರ ಮತ್ತು ಗಂಟುಗಳು ಒಂದೇ ಸರಪಳಿಯ ಕೊಂಡಿಗಳಿದ್ದಂತೆ. ಇವುಗಳಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯ ಬಲವೇ ಇಡೀ ವ್ಯವಸ್ಥೆಯ ಬಲ. ದಾರ ತುಂಡಾದರೆ ಗಾಳಗಾರನಿಗೆ ಮೀನು ತಪ್ಪುವುದಷ್ಟೇ ಅಲ್ಲ, ಮೀನಿನ ಬಾಯಲ್ಲಿ ಕೊಕ್ಕೆಯೂ ನೀರಿನಲ್ಲಿ ದಾರ ಮತ್ತು ಸೀಸದ ಭಾರವೂ ಉಳಿದುಬಿಡುತ್ತವೆ. ಆದ್ದರಿಂದ ಸಲಕರಣೆಗಳ ಆಯ್ಕೆ ಮತ್ತು ನಿರ್ವಹಣೆ ಮೀನು ಹಿಡಿಯುವ ಕೌಶಲಕ್ಕೆ ಎಷ್ಟು ಸಂಬಂಧಿಸಿದೆಯೋ ಜಲಜೀವಿಗಳ ಸುರಕ್ಷತೆಗೂ ಅಷ್ಟೇ ಸಂಬಂಧಿಸಿದೆ.

ಮೀನು ಮತ್ತು ಅದರ ನೆಲೆ

ಸ್ಮಾಲ್‌ಮೌತ್ ಬ್ಯಾಸ್ ಸೆಂಟ್ರಾರ್ಕಿಡೇ ಕುಟುಂಬಕ್ಕೆ ಸೇರಿದ ಮೀನು. ಇದರ ವೈಜ್ಞಾನಿಕ ಹೆಸರು ಮೈಕ್ರಾಪ್ಟೆರಸ್ ಡೊಲೊಮ್ಯೂ. ಫ್ರೆಂಚ್ ನಿಸರ್ಗವಿಜ್ಞಾನಿ ಲಾಸೆಪೆಡ್ 1802ರಲ್ಲಿ ಇದನ್ನು ವರ್ಣಿಸಿದನು. ಅವನಿಗೆ ದೊರೆತ ಮಾದರಿಯಲ್ಲಿ ಬೆನ್ನಿನ ಈಜುರೆಕ್ಕೆಯ ಹಿಂಭಾಗ ಹರಿದು, ಪ್ರತ್ಯೇಕವಾದ ಪುಟ್ಟ ರೆಕ್ಕೆಯಂತೆ ಕಾಣುತ್ತಿತ್ತು. ‘ಕಿರುರೆಕ್ಕೆಯದು’ ಎಂಬ ಅರ್ಥದ ಕುಲನಾಮ ಬಂದದ್ದು ಈ ತಪ್ಪು ತಿಳಿವಳಿಕೆಯಿಂದ. ಪ್ರಭೇದದ ಹೆಸರು ಫ್ರೆಂಚ್ ಭೂವಿಜ್ಞಾನಿ ದೊಲೊಮ್ಯೂವಿನ ನೆನಪಿಗೆ ಇಟ್ಟದ್ದು.

ಕಂದು ಅಥವಾ ಹಸಿರುಗಂದು ಮೈಬಣ್ಣ, ಪಕ್ಕೆಗಳ ಮೇಲಿನ ಲಂಬವಾದ ಪಟ್ಟೆಗಳು ಮತ್ತು ಕೆಂಪುಛಾಯೆಯ ಕಣ್ಣುಗಳು ಇದರ ಗುರುತುಗಳು. ಬಾಯಿ ಮುಚ್ಚಿದಾಗ ಇದರ ಮೇಲ್ದವಡೆ ಕಣ್ಣಿನ ಹಿಂಬದಿಯನ್ನು ದಾಟುವುದಿಲ್ಲ. ಇದರ ಸಮೀಪ ಸಂಬಂಧಿಯಾದ ಲಾರ್ಜ್‌ಮೌತ್ ಬ್ಯಾಸ್‌ನಲ್ಲಿ ಅದು ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ.

ಈ ಮೀನಿನ ಮೂಲನೆಲೆ ಮಿಸಿಸಿಪ್ಪಿ ನದಿಯ ಮೇಲಿನ ಹಾಗೂ ಮಧ್ಯದ ಕಣಿವೆಗಳು, ಮಹಾ ಸರೋವರಗಳು ಮತ್ತು ಸೇಂಟ್ ಲಾರೆನ್ಸ್ ನದಿಯ ಜಲಾನಯನ ಪ್ರದೇಶ. ಕಲ್ಲು ಮತ್ತು ಜಲ್ಲಿಯ ತಳವುಳ್ಳ ತಂಪಾದ ತಿಳಿನೀರು ಇದಕ್ಕೆ ಪ್ರಿಯ. ಕ್ರೇಫಿಶ್ ಎಂಬ ಸಿಹಿನೀರಿನ ಚಿಪ್ಪುಜೀವಿ, ಸಣ್ಣ ಮೀನು ಹಾಗೂ ಜಲಕೀಟಗಳು ಇದರ ಆಹಾರ. ಸಾಮಾನ್ಯವಾಗಿ ಗಾಳಕ್ಕೆ ಸಿಗುವ ಮೀನುಗಳು ಅರ್ಧ ಕಿಲೋಗ್ರಾಮಿನಿಂದ ಒಂದೂವರೆ ಕಿಲೋಗ್ರಾಮಿನವರೆಗೆ ತೂಗುತ್ತವೆ. ಎರಡು ಕಿಲೋಗ್ರಾಮನ್ನು ಮೀರಿದ ಮೀನನ್ನು ದೊಡ್ಡದೆಂದು ಎಣಿಸುತ್ತಾರೆ. ಡೇವಿಡ್ ಹೇಯ್ಸ್ ಎಂಬುವರು 1955ರ ಜುಲೈ 9ರಂದು ಟೆನೆಸ್ಸೀ ಮತ್ತು ಕೆಂಟಕಿ ರಾಜ್ಯಗಳ ಗಡಿಯಲ್ಲಿರುವ ಡೇಲ್ ಹಾಲೊ ಜಲಾಶಯದಲ್ಲಿ ಹಿಡಿದ 11 ಪೌಂಡ್ 15 ಔನ್ಸ್ (ಸುಮಾರು 5.4 ಕಿಲೋಗ್ರಾಂ) ತೂಕದ ಮೀನು ವಿಶ್ವದಾಖಲೆಯೆಂದು ಮಾನ್ಯವಾಗಿದೆ.

ಈ ಸ್ವಭಾವಗಳೇ ಸಲಕರಣೆಯ ಆಯ್ಕೆಯನ್ನು ನಿರ್ಧರಿಸುತ್ತವೆ. ತಿಳಿನೀರಿನಲ್ಲಿ ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ. ಆಹಾರ ಚಿಕ್ಕದಾದುದರಿಂದ ಎರೆಯೂ ಚಿಕ್ಕದಾಗಿರಬೇಕು. ಕಲ್ಲಿನ ತಳಕ್ಕೆ ಉಜ್ಜಿ ದಾರ ಸವೆಯುತ್ತದೆ. ಕೊಕ್ಕೆ ತಗುಲಿದ ಮೀನು ಹಠಾತ್ತನೆ ಓಡುತ್ತದೆ, ನೀರಿನಿಂದ ಮೇಲಕ್ಕೆ ನೆಗೆಯುತ್ತದೆ.

ಇತಿಹಾಸ

ಸ್ಪಿನ್ನಿಂಗ್ ರೀಲಿನ ಮೂಲತತ್ತ್ವ ನೇಯ್ಗೆಯ ಲೋಕಕ್ಕೆ ಹತ್ತಿರವಾದುದು. ಹಳೆಯ ರೀಲುಗಳಲ್ಲಿ ಎರೆಯನ್ನು ಎಸೆದಾಗ ಸುರುಳಿಯೇ ತಿರುಗಿ ದಾರವನ್ನು ಬಿಚ್ಚಬೇಕಾಗಿತ್ತು. ಹಗುರವಾದ ಎರೆಗೆ ಆ ಸುರುಳಿಯನ್ನು ತಿರುಗಿಸುವಷ್ಟು ಬಲವಿರುತ್ತಿರಲಿಲ್ಲ. ಕೈಮಗ್ಗದ ಲಾಳಿಯೊಳಗಿನ ಕಂಡಿಕೆಯಲ್ಲಿ ಹೀಗಾಗುವುದಿಲ್ಲ. ಕಂಡಿಕೆ ತಿರುಗದೆ ಇದ್ದಲ್ಲೇ ಇದ್ದು, ನೂಲು ಅದರ ತುದಿಯ ಕಡೆಯಿಂದ ಸಡಿಲವಾಗಿ ಹೊರಬರುತ್ತದೆ. ಸ್ಥಿರ ಸುರುಳಿಯ ರೀಲಿನಲ್ಲಿ ನಡೆಯುವುದೂ ಇದೇ ಕ್ರಿಯೆ.

ಸ್ಕಾಟ್ಲೆಂಡಿನ ಪೀಟರ್ ಮ್ಯಾಲಕ್ 1880ರ ದಶಕದಲ್ಲಿ ರೂಪಿಸಿದ ರೀಲಿನಲ್ಲಿ ಎಸೆಯುವಾಗ ಸುರುಳಿಯನ್ನು ಪಕ್ಕಕ್ಕೆ ಹೊರಳಿಸುವ ಏರ್ಪಾಡಿತ್ತು. ಇಂಗ್ಲೆಂಡಿನ ಬಟ್ಟೆ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಸ್ಥಿರ ಸುರುಳಿಯ ರೀಲಿಗೆ ಪೇಟೆಂಟ್ ಪಡೆದನು. ಆಧುನಿಕ ಸ್ಪಿನ್ನಿಂಗ್ ರೀಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸಲಾಗುತ್ತದೆ. ದಾರವನ್ನು ತಾನಾಗಿ ಹಿಡಿದುಕೊಳ್ಳುವ ‘ಬೇಲ್’ ಎಂಬ ತಂತಿಯ ಕಮಾನು 1930ರ ದಶಕದಲ್ಲಿ ಬಳಕೆಗೆ ಬಂದಿತು.

ಅಮೆರಿಕದಲ್ಲಿ ಈ ರೀಲು ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ಅನಂತರ. ಫ್ರಾನ್ಸಿನಲ್ಲಿ ತಯಾರಾದ ‘ಮಿಚೆಲ್’ ರೀಲುಗಳು ಅಲ್ಲಿ ಬಹಳ ಜನಪ್ರಿಯವಾದವು. ಅದೇ ಕಾಲದಲ್ಲಿ ನೈಲಾನಿನ ಏಕತಂತು ದಾರ ಸುಲಭವಾಗಿ ದೊರೆಯತೊಡಗಿದ್ದು ಈ ಬದಲಾವಣೆಗೆ ನೆರವಾಯಿತು. ಕೋಲುಗಳ ತಯಾರಿಕೆಯಲ್ಲಿ ಬಿದಿರಿನ ಸೀಳುಗಳ ಸ್ಥಾನವನ್ನು ಗಾಜಿನ ನಾರು, 1970ರ ದಶಕದಿಂದ ಈಚೆಗೆ ಇಂಗಾಲದ ನಾರು ಆಕ್ರಮಿಸಿದವು. 1990ರ ದಶಕದಲ್ಲಿ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರಗಳು ಬಳಕೆಗೆ ಬಂದವು.

ರೀಲಿನ ರಚನೆ ಮತ್ತು ಆಯ್ಕೆ

ಸ್ಪಿನ್ನಿಂಗ್ ರೀಲು ಕೋಲಿನ ಕೆಳಗೆ ತೂಗುವಂತೆ ಜೋಡಿಸಲ್ಪಟ್ಟಿರುತ್ತದೆ. ಹಿಡಿಯನ್ನು ತಿರುಗಿಸಿದಾಗ ಒಳಗಿನ ಹಲ್ಲುಚಕ್ರಗಳು ‘ರೋಟರ್’ ಎಂಬ ಭಾಗವನ್ನು ಸುರುಳಿಯ ಸುತ್ತ ತಿರುಗಿಸುತ್ತವೆ. ರೋಟರಿಗೆ ಸೇರಿದ ಬೇಲ್ ಮತ್ತು ಅದರ ತುದಿಯ ಉರುಳೆ ದಾರವನ್ನು ಸುರುಳಿಗೆ ಸುತ್ತುತ್ತವೆ. ದಾರ ಒಂದೇ ಕಡೆ ಗುಡ್ಡೆಯಾಗದಂತೆ ಸುರುಳಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಸುರುಳಿಯ ಮೇಲ್ಭಾಗದಲ್ಲಿ ಅಥವಾ ರೀಲಿನ ಹಿಂಬದಿಯಲ್ಲಿ ‘ಡ್ರ್ಯಾಗ್’ ಎಂಬ ಘರ್ಷಣಾ ತಡೆ ಇರುತ್ತದೆ. ಇದು ತಿರುಪಿನಿಂದ ಬಿಗಿಯಾಗುವ ವಾಷರುಗಳ ಜೋಡಣೆ. ಮೀನು ನಿಗದಿತ ಮಿತಿಗಿಂತ ಜೋರಾಗಿ ಎಳೆದಾಗ ಸುರುಳಿ ಜಾರಿ ದಾರವನ್ನು ಬಿಟ್ಟುಕೊಡುತ್ತದೆ.

ಸ್ಮಾಲ್‌ಮೌತ್ ಮೀನುಗಾರಿಕೆಗೆ ಅನೇಕ ತಯಾರಕರು 2500 ಅಥವಾ 3000 ಎಂದು ಗುರುತಿಸುವ ಗಾತ್ರದ ರೀಲು ವಾಡಿಕೆಯಲ್ಲಿದೆ. ಇದಕ್ಕಿಂತ ಚಿಕ್ಕ ರೀಲುಗಳಲ್ಲಿ ಸುರುಳಿಯ ವ್ಯಾಸ ಕಡಿಮೆಯಿರುವುದರಿಂದ ದಾರ ಬಿಗಿಯಾಗಿ ಸುರುಳಿಕಟ್ಟಿ, ಎಸೆತದ ದೂರ ಕುಗ್ಗುತ್ತದೆ. ದೊಡ್ಡ ರೀಲುಗಳು ದಿನವಿಡೀ ಎಸೆಯುವ ಕೈಗೆ ಭಾರವಾಗುತ್ತವೆ. ಹಿಡಿಯ ಒಂದು ಸುತ್ತಿಗೆ ರೋಟರ್ ಐದರಿಂದ ಆರು ಸುತ್ತು ತಿರುಗುವ ಗೇರ್ ಅನುಪಾತ ಬಹುತೇಕ ಎಲ್ಲ ಎರೆಗಳಿಗೂ ಸಾಕಾಗುತ್ತದೆ.

ಜಾಹೀರಾತುಗಳಲ್ಲಿ ಬೇರಿಂಗುಗಳ ಸಂಖ್ಯೆಗೂ ಡ್ರ್ಯಾಗಿನ ಗರಿಷ್ಠ ಬಲಕ್ಕೂ ಹೆಚ್ಚಿನ ಒತ್ತು ಕೊಡುವುದುಂಟು. ಆದರೆ ಈ ಮೀನುಗಾರಿಕೆಯಲ್ಲಿ ಡ್ರ್ಯಾಗ್ ಮೇಲಿನ ಹೊರೆ ಒಂದೆರಡು ಕಿಲೋಗ್ರಾಮನ್ನು ಮೀರುವುದು ಅಪರೂಪ. ಇಲ್ಲಿ ಗರಿಷ್ಠ ಬಲಕ್ಕಿಂತ ನಯವಾದ ಆರಂಭವೇ ಮುಖ್ಯ. ಮೊದಲಿಗೆ ಅಂಟಿಕೊಂಡಿದ್ದು ಆಮೇಲೆ ಜರ್ರನೆ ಜಾರುವ ಡ್ರ್ಯಾಗ್ ತೆಳುದಾರವನ್ನು ಆ ಮೊದಲ ಕ್ಷಣದಲ್ಲೇ ತುಂಡರಿಸುತ್ತದೆ. ಕೊಳ್ಳುವ ಮುನ್ನ ದಾರವನ್ನು ಕೈಯಿಂದ ನಿಧಾನವಾಗಿ ಎಳೆದು, ಸುರುಳಿ ಅದುರದೆ ಜಾರುತ್ತದೆಯೇ ಎಂದು ನೋಡುವುದು ಸರಳವಾದ ಪರೀಕ್ಷೆ.

ಕೋಲಿನ ಆಯ್ಕೆ

ಕೋಲನ್ನು ಮೂರು ಗುಣಗಳಿಂದ ಅಳೆಯಲಾಗುತ್ತದೆ: ಉದ್ದ, ಬಲ ಮತ್ತು ಬಾಗುವಿಕೆ. ಬಲವೆಂದರೆ ಕೋಲನ್ನು ಬಾಗಿಸಲು ಬೇಕಾಗುವ ಶಕ್ತಿ. ಬಾಗುವಿಕೆಯೆಂದರೆ ಅದು ಯಾವ ಭಾಗದಲ್ಲಿ ಬಾಗುತ್ತದೆ ಎಂಬುದು. ತುದಿಯ ಭಾಗ ಮಾತ್ರ ಬಾಗುವ ಕೋಲನ್ನು ‘ಫಾಸ್ಟ್’ ಎಂದೂ ನಡುವಿನವರೆಗೆ ಬಾಗುವುದನ್ನು ‘ಮಾಡರೇಟ್’ ಎಂದೂ ಕರೆಯುತ್ತಾರೆ.

ಸಾಮಾನ್ಯ ಬಳಕೆಗೆ ಆರೂವರೆಯಿಂದ ಏಳು ಅಡಿ (ಸುಮಾರು 2ರಿಂದ 2.1 ಮೀಟರ್) ಉದ್ದದ, ಮಧ್ಯಮ ಅಥವಾ ಮಧ್ಯಮ-ಹಗುರ ಬಲದ ‘ಫಾಸ್ಟ್’ ಕೋಲು ಸೂಕ್ತ. ಮರಗಳು ಬಾಗಿರುವ ಕಿರುನದಿಯಲ್ಲಿ ನಡೆದು ಗಾಳ ಹಾಕುವವರು ಆರಡಿಯ ಕೋಲನ್ನು ಬಯಸುತ್ತಾರೆ. ವಿಶಾಲವಾದ ಸರೋವರದಲ್ಲಿ ದೋಣಿಯಿಂದ ಎಸೆಯುವವರಿಗೆ ಏಳಡಿಗಿಂತ ಉದ್ದದ ಕೋಲು ಹೆಚ್ಚಿನ ದೂರವನ್ನು ಒದಗಿಸುತ್ತದೆ.

ಒಂದೇ ಕೊಕ್ಕೆಯ ಎರೆಯನ್ನು ತಳದಲ್ಲಿ ಮೆಲ್ಲನೆ ಎಳೆಯುವಾಗ ಮೀನು ಕಚ್ಚಿದ್ದನ್ನು ಕೈ ಗ್ರಹಿಸಬೇಕಾಗುತ್ತದೆ. ಇದಕ್ಕೆ ಇಂಗಾಲದ ನಾರಿನ ‘ಫಾಸ್ಟ್’ ಕೋಲು ಒಳ್ಳೆಯದು. ಸಣ್ಣ ಮೂರು ಮುಳ್ಳಿನ ಕೊಕ್ಕೆಗಳಿರುವ, ಮೀನಿನಾಕಾರದ ಎರೆಗಳಿಗೆ ನಡುವಿನವರೆಗೆ ಬಾಗುವ ಕೋಲು ಮೇಲು. ಮೀನು ನೆಗೆದು ತಲೆ ಕೊಡವಿದಾಗ ಕೋಲು ಆ ಹೊಡೆತವನ್ನು ನುಂಗಿಕೊಳ್ಳುವುದರಿಂದ ಕೊಕ್ಕೆ ಕಿತ್ತುಬರುವುದು ಕಡಿಮೆಯಾಗುತ್ತದೆ.

ಕೋಲಿನ ಬುಡದ ಸಮೀಪ ಅದಕ್ಕೆ ಹೊಂದುವ ದಾರದ ತಾಳಿಕೆ ಮತ್ತು ಎರೆಯ ತೂಕ ನಮೂದಾಗಿರುತ್ತವೆ. 6ರಿಂದ 10 ಪೌಂಡ್ ದಾರ, 1/8ರಿಂದ 1/2 ಔನ್ಸ್ (ಸುಮಾರು 3.5ರಿಂದ 14 ಗ್ರಾಂ) ಎರೆ ಎಂಬ ನಮೂದು ಸ್ಮಾಲ್‌ಮೌತ್ ಕೋಲಿಗೆ ಸಾಮಾನ್ಯ. ಈ ಮಿತಿಗಿಂತ ಹಗುರವಾದ ಎರೆ ಕೋಲನ್ನು ಬಾಗಿಸದು, ಆದ್ದರಿಂದ ದೂರ ಹೋಗದು. ಭಾರವಾದುದು ಕೋಲನ್ನೇ ಮುರಿಯಬಹುದು. ಇಂಗಾಲದ ನಾರು ವಿದ್ಯುತ್ ವಾಹಕ. ಗುಡುಗು-ಸಿಡಿಲಿನ ಸಮಯದಲ್ಲಿ ಹಾಗೂ ವಿದ್ಯುತ್ ತಂತಿಗಳ ಕೆಳಗೆ ಇಂತಹ ಕೋಲನ್ನು ಎತ್ತಿ ಹಿಡಿಯುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

ದಾರದ ಆಯ್ಕೆ

ಪ್ರಸ್ತುತ ಮೂರು ಬಗೆಯ ದಾರಗಳು ಬಳಕೆಯಲ್ಲಿವೆ.

* ನೈಲಾನ್ ಏಕತಂತು: ಅಗ್ಗವಾದುದು, ಮೃದುವಾದುದು, ಗಂಟು ಹಾಕಲು ಸುಲಭ. ಎಳೆದಾಗ ಗಣನೀಯವಾಗಿ ಹಿಗ್ಗುತ್ತದೆ. ಹಿಗ್ಗುವುದರಿಂದ ಮೀನಿನ ಹಠಾತ್ ಓಟವನ್ನು ತಾಳಿಕೊಳ್ಳುತ್ತದೆ, ಆದರೆ ದೂರದ ಕಚ್ಚುವಿಕೆಯನ್ನು ಕೈಗೆ ಮುಟ್ಟಿಸುವುದಿಲ್ಲ. ನೀರನ್ನು ಹೀರಿದಾಗ ಸ್ವಲ್ಪ ದುರ್ಬಲವಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಾಳಾಗುತ್ತದೆ.
* ಫ್ಲೋರೋಕಾರ್ಬನ್: ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಈ ದಾರದ್ದು ಸುಮಾರು 1.42 ಇದ್ದು, ನೈಲಾನಿಗಿಂತ ನೀರಿಗೆ ಹತ್ತಿರವಾಗಿದೆ. ಆದ್ದರಿಂದ ನೀರಿನೊಳಗೆ ಕಡಿಮೆ ಕಾಣುತ್ತದೆ. ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ. ನೀರನ್ನು ಹೀರುವುದಿಲ್ಲ. ಪೆಡಸಾದುದರಿಂದ ಸ್ಪಿನ್ನಿಂಗ್ ರೀಲಿನಲ್ಲಿ ಪೂರ್ಣವಾಗಿ ತುಂಬಿದಾಗ ಸುರುಳಿಗಳಾಗಿ ಚಿಮ್ಮುವ ತೊಂದರೆಯಿದೆ.
* ಹೆಣೆದ ದಾರ: ಪಾಲಿಎಥಿಲೀನಿನ ಅನೇಕ ಎಳೆಗಳನ್ನು ಹೆಣೆದು ಮಾಡಿದ್ದು. ಅದೇ ತಾಳಿಕೆಯ ನೈಲಾನಿಗಿಂತ ಬಹಳ ತೆಳು. ಬಹುಮಟ್ಟಿಗೆ ಹಿಗ್ಗುವುದಿಲ್ಲ, ನೀರಿನಲ್ಲಿ ತೇಲುತ್ತದೆ. ಆದರೆ ಮೀನಿಗೆ ಸ್ಪಷ್ಟವಾಗಿ ಕಾಣುತ್ತದೆ. ಚೂಪಾದ ಕಲ್ಲಿಗೆ ತಗುಲಿದರೆ ಬೇಗ ಹರಿಯುತ್ತದೆ.

ಈ ಗುಣದೋಷಗಳನ್ನು ಸರಿದೂಗಿಸಲು 10ರಿಂದ 15 ಪೌಂಡ್ ತಾಳಿಕೆಯ ಹೆಣೆದ ದಾರವನ್ನು ಮುಖ್ಯ ದಾರವಾಗಿ ಸುತ್ತಿ, ಅದರ ತುದಿಗೆ 6ರಿಂದ 10 ಪೌಂಡ್ ತಾಳಿಕೆಯ ಫ್ಲೋರೋಕಾರ್ಬನ್ನನ್ನು ಒಂದರಿಂದ ಮೂರು ಮೀಟರಿನಷ್ಟು ಕಟ್ಟುವ ಪದ್ಧತಿ ಇಂದು ವ್ಯಾಪಕವಾಗಿದೆ. ಈ ತುದಿದಾರವನ್ನು ‘ಲೀಡರ್’ ಎನ್ನುತ್ತಾರೆ. ಲೀಡರ್ ಮುಖ್ಯ ದಾರಕ್ಕಿಂತ ದುರ್ಬಲವಾಗಿರುವುದು ಉದ್ದೇಶಪೂರ್ವಕ. ಎರೆ ಕಲ್ಲಿನ ಸಂದಿಗೆ ಸಿಲುಕಿದಾಗ ತುದಿಯಲ್ಲೇ ತುಂಡಾಗುತ್ತದೆ. ಹತ್ತಾರು ಮೀಟರ್ ದಾರ ನೀರಿನಲ್ಲಿ ಉಳಿಯುವುದಿಲ್ಲ.

ಮಹಾ ಸರೋವರಗಳಲ್ಲಿ ಈ ಆಯ್ಕೆಯ ಮೇಲೆ ಪರಿಸರದ ಬದಲಾವಣೆಯೂ ಪ್ರಭಾವ ಬೀರಿದೆ. ಯುರೋಪ್-ಏಷ್ಯಾ ಮೂಲದ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಇವು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುವುದರಿಂದ ನೀರು ಮೊದಲಿಗಿಂತ ತಿಳಿಯಾಯಿತು. 1990ರಲ್ಲಿ ಅದೇ ಪ್ರದೇಶದಲ್ಲಿ ಕಾಣಿಸಿಕೊಂಡ ರೌಂಡ್ ಗೋಬಿ ಎಂಬ ತಳವಾಸಿ ಮೀನು ಸ್ಮಾಲ್‌ಮೌತ್‌ನ ಪ್ರಮುಖ ಆಹಾರಗಳಲ್ಲಿ ಒಂದಾಯಿತು. ತಿಳಿನೀರು ತೆಳುದಾರವನ್ನು ಬೇಡುತ್ತದೆ. ಮಸ್ಸೆಲ್‌ಗಳ ಚೂಪಾದ ಚಿಪ್ಪುಗಳು ಅದೇ ತೆಳುದಾರವನ್ನು ಕತ್ತರಿಸುತ್ತವೆ. ಆದ್ದರಿಂದ ಅಲ್ಲಿನ ಗಾಳಗಾರರು ಲೀಡರನ್ನು ಮತ್ತೆ ಮತ್ತೆ ಬೆರಳಿನಿಂದ ಸವರಿ ನೋಡಿ, ಒರಟಾದ ಭಾಗವನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕುತ್ತಾರೆ.

ಗಂಟುಗಳು

ಗಂಟು ಹಾಕಿದಲ್ಲಿ ದಾರದ ತಾಳಿಕೆ ಸಾಮಾನ್ಯವಾಗಿ ಕುಗ್ಗುತ್ತದೆ. ಎರೆಯನ್ನು ಕಟ್ಟಲು ಪಾಲೊಮಾರ್, ಯೂನಿ ಹಾಗೂ ಸುಧಾರಿತ ಕ್ಲಿಂಚ್ ಗಂಟುಗಳು ಪ್ರಚಲಿತವಾಗಿವೆ. ಹೆಣೆದ ದಾರ ನುಣುಪಾದ್ದರಿಂದ ಅದರಲ್ಲಿ ಕ್ಲಿಂಚ್ ಗಂಟು ಜಾರುವ ಸಂಭವವಿದೆ. ಅದಕ್ಕೆ ಪಾಲೊಮಾರ್ ಹೆಚ್ಚು ನಂಬಿಕೆಗೆ ಅರ್ಹ. ಮುಖ್ಯ ದಾರಕ್ಕೂ ಲೀಡರಿಗೂ ಜೋಡಿ ಯೂನಿ ಅಥವಾ ಎಫ್‌ಜಿ ಗಂಟನ್ನು ಬಳಸುತ್ತಾರೆ. ಎಫ್‌ಜಿ ಗಂಟು ತೆಳುವಾಗಿದ್ದು ಕೋಲಿನ ಉಂಗುರಗಳ ಮೂಲಕ ತಡೆಯಿಲ್ಲದೆ ಹಾದುಹೋಗುತ್ತದೆ, ಆದರೆ ಕಟ್ಟಲು ಅಭ್ಯಾಸ ಬೇಕು.

ಯಾವುದೇ ಗಂಟನ್ನು ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡಬೇಕು. ಒಣದಾರವನ್ನು ಬಿಗಿದಾಗ ಘರ್ಷಣೆಯ ಕಾವಿನಿಂದ ಅದು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಬಿಗಿದ ಬಳಿಕ ಕೈಯಿಂದ ಜೋರಾಗಿ ಎಳೆದು ಪರೀಕ್ಷಿಸುವುದು ವಾಡಿಕೆ. ಗಂಟು ಸೋಲುವುದಿದ್ದರೆ ಮೀನು ಸಿಗುವ ಮೊದಲೇ ಸೋಲುವುದು ಮೇಲು.

ಎರೆಗಳು ಮತ್ತು ಭಾರಗಳು

ಕ್ರೇಫಿಶ್ ಅಥವಾ ಗೋಬಿಯನ್ನು ಹೋಲುವ ಟೊಳ್ಳಾದ ‘ಟ್ಯೂಬ್’, ಭಾರದ ತಲೆಯುಳ್ಳ ಕೊಕ್ಕೆಗೆ ಕೂದಲು ಅಥವಾ ಗರಿ ಕಟ್ಟಿದ ‘ಜಿಗ್’, ತಿರುಗುವ ತಗಡುಳ್ಳ ‘ಸ್ಪಿನ್ನರ್’ ಮತ್ತು ಮೀನಿನಾಕಾರದ ತೇಲುವ ಎರೆಗಳು ಸ್ಮಾಲ್‌ಮೌತ್‌ಗೆ ಬಳಸುವ ಪ್ರಮುಖ ಬಗೆಗಳು. ಅಣಬೆಯಾಕಾರದ ಹಗುರ ಜಿಗ್‌ಗೆ ಪುಟ್ಟ ಮೆದು ಪ್ಲಾಸ್ಟಿಕ್ ಎರೆಯನ್ನು ಚುಚ್ಚುವ ‘ನೆಡ್ ರಿಗ್’ ಎಂಬ ಜೋಡಣೆಗೆ ಕ್ಯಾನ್ಸಸ್ ರಾಜ್ಯದ ಮೀನುಗಾರಿಕಾ ಲೇಖಕ ನೆಡ್ ಕೇಡಿಯವರ ಹೆಸರು ಬಂದಿದೆ. ಭಾರವನ್ನು ದಾರದ ತುದಿಯಲ್ಲಿಟ್ಟು ಕೊಕ್ಕೆಯನ್ನು ಅದಕ್ಕಿಂತ ಮೇಲೆ ಕಟ್ಟುವ ಜೋಡಣೆ ‘ಡ್ರಾಪ್ ಶಾಟ್’. ಆಳವಾದ ತಿಳಿನೀರಿನಲ್ಲಿ ಎರೆಯನ್ನು ತಳದಿಂದ ಮೇಲಕ್ಕೆ ಒಂದೇ ಎತ್ತರದಲ್ಲಿ ನಿಲ್ಲಿಸಲು ಇದು ಸಹಾಯಕ.

ಭಾರಗಳಿಗೆ ಸಾಂಪ್ರದಾಯಿಕವಾಗಿ ಸೀಸವನ್ನು ಬಳಸಲಾಗುತ್ತಿತ್ತು. ಉತ್ತರದ ಸರೋವರಗಳಲ್ಲಿ ವಾಸಿಸುವ ಲೂನ್ ಎಂಬ ಮುಳುಗುಹಕ್ಕಿ ಆಹಾರವನ್ನು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತದೆ. ತಳದಲ್ಲಿ ಬಿದ್ದಿರುವ ಸೀಸದ ಭಾರವನ್ನು ಕಲ್ಲೆಂದು ಭಾವಿಸಿ ನುಂಗಿದಾಗ, ಅಥವಾ ಜಿಗ್ ಸಿಕ್ಕಿಕೊಂಡಿರುವ ಮೀನನ್ನು ತಿಂದಾಗ ಸೀಸದ ವಿಷಕ್ಕೆ ತುತ್ತಾಗುತ್ತದೆ. ಒಂದೇ ಒಂದು ಸಣ್ಣ ಭಾರ ಹಕ್ಕಿಯನ್ನು ಕೊಲ್ಲಲು ಸಾಕು. ಈ ಕಾರಣದಿಂದ ನ್ಯೂ ಹ್ಯಾಂಪ್‌ಷೈರ್ ರಾಜ್ಯ 1 ಔನ್ಸ್ (ಸುಮಾರು 28 ಗ್ರಾಂ) ಹಾಗೂ ಅದಕ್ಕಿಂತ ಕಡಿಮೆ ತೂಕದ ಸೀಸದ ಭಾರ ಮತ್ತು ಜಿಗ್‌ಗಳನ್ನು ನಿಷೇಧಿಸಿದೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಮಿಗಿಂತ ಕಡಿಮೆ ತೂಕದ ಸೀಸದ ಭಾರಗಳಿಗೆ ಅವಕಾಶವಿಲ್ಲ. ಇವುಗಳ ಬದಲಿಗೆ ಟಂಗ್‌ಸ್ಟನ್, ತವರ, ಉಕ್ಕು ಮತ್ತು ಬಿಸ್ಮತ್ ಬಳಕೆಯಲ್ಲಿವೆ. ಟಂಗ್‌ಸ್ಟನ್ ಸೀಸಕ್ಕಿಂತ ಸಾಂದ್ರವಾದುದರಿಂದ ಅದೇ ತೂಕದ ಭಾರ ಚಿಕ್ಕದಾಗಿರುತ್ತದೆ, ತಳದ ಗಡಸುತನವನ್ನು ಕೈಗೆ ಚೆನ್ನಾಗಿ ತಿಳಿಸುತ್ತದೆ. ಬೆಲೆ ಮಾತ್ರ ಹೆಚ್ಚು.

ಡ್ರ್ಯಾಗ್ ಹೊಂದಿಸುವ ಕ್ರಮ

ಡ್ರ್ಯಾಗನ್ನು ಸರಪಳಿಯ ದುರ್ಬಲ ಕೊಂಡಿಯ ತಾಳಿಕೆಯ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟಕ್ಕೆ ಹೊಂದಿಸುವುದು ರೂಢಿ. ಉದಾಹರಣೆಗೆ, ಲೀಡರಿನ ತಾಳಿಕೆ 8 ಪೌಂಡ್ (ಸುಮಾರು 3.6 ಕಿಲೋಗ್ರಾಂ) ಆಗಿದ್ದರೆ ಸುಮಾರು 900 ಗ್ರಾಂ ಎಳೆತಕ್ಕೆ ಸುರುಳಿ ಜಾರತೊಡಗಬೇಕು. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಕೋಲನ್ನು ಮೀನು ಎಳೆಯುವಾಗಿನಂತೆ ಬಾಗಿಸಿ ಎಳೆದರೆ ಈ ಅಂಕಿ ತಿಳಿಯುತ್ತದೆ. ಕೋಲಿನ ಉಂಗುರಗಳ ಘರ್ಷಣೆಯೂ ಎಳೆತಕ್ಕೆ ಸೇರುವುದರಿಂದ ರೀಲಿನಿಂದ ನೇರವಾಗಿ ಅಳೆದ ಅಂಕಿ ಕಡಿಮೆ ತೋರುತ್ತದೆ.

ಇಷ್ಟು ದೊಡ್ಡ ಅಂತರವನ್ನು ಉಳಿಸಿಕೊಳ್ಳಲು ಕಾರಣಗಳಿವೆ. ಗಂಟು ದಾರದ ತಾಳಿಕೆಯನ್ನು ಕುಗ್ಗಿಸುತ್ತದೆ. ಅದರ ಜೊತೆಗೆ, ದಾರ ಹೊರಹೋದಂತೆ ಸುರುಳಿಯ ತ್ರಿಜ್ಯ ಕಡಿಮೆಯಾಗುತ್ತದೆ. ವಾಷರುಗಳ ತಡೆ ಬದಲಾಗದಿದ್ದರೂ ತ್ರಿಜ್ಯ ಕಡಿಮೆಯಾದಷ್ಟೂ ಸುರುಳಿಯನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ತುಂಬಿದ ಸುರುಳಿಯ ತ್ರಿಜ್ಯ 24 ಮಿಲಿಮೀಟರಿನಿಂದ 20 ಮಿಲಿಮೀಟರಿಗೆ ಇಳಿದರೆ 900 ಗ್ರಾಮಿನ ಎಳೆತ 1,080 ಗ್ರಾಮಿಗೆ ಏರುತ್ತದೆ. ಮೀನು ದೂರ ಓಡಿದಾಗ ಡ್ರ್ಯಾಗನ್ನು ಇನ್ನಷ್ಟು ಬಿಗಿಯುವುದು ತಪ್ಪೆನಿಸುವುದು ಇದರಿಂದಲೇ.

ಅತಿ ಸಡಿಲವಾದ ಡ್ರ್ಯಾಗ್ ಕೂಡ ಹಾನಿಕರ. ಸೆಣಸಾಟ ದೀರ್ಘವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರಗೊಂಡು ಅದು ದಣಿಯುತ್ತದೆ. ಬಿಸಿಯಾದ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಿರುವುದರಿಂದ, ಬಿಡುಗಡೆಯಾದ ಬಳಿಕವೂ ಮೀನು ಚೇತರಿಸಿಕೊಳ್ಳದೆ ಸಾಯಬಹುದು.

ನಿರ್ವಹಣೆ

ದಾರವನ್ನು ಸುತ್ತುವುದು ಮತ್ತು ತಿರುಚು ತಪ್ಪಿಸುವುದು

ಸುರುಳಿಯ ಅಂಚಿನಿಂದ ಸುಮಾರು 3 ಮಿಲಿಮೀಟರ್ ಕೆಳಗಿನವರೆಗೆ ದಾರವನ್ನು ತುಂಬಬೇಕು. ಕಡಿಮೆ ತುಂಬಿದರೆ ದಾರ ಅಂಚಿಗೆ ಉಜ್ಜಿ ಎಸೆತ ಕುಂಠಿತವಾಗುತ್ತದೆ. ಹೆಚ್ಚಾದರೆ ಸುತ್ತುಗಳು ಒಟ್ಟಿಗೆ ಜಾರಿ ಗೋಜಲಾಗುತ್ತವೆ. ಹೆಣೆದ ದಾರ ಲೋಹದ ಸುರುಳಿಯ ಮೇಲೆ ಜಾರುವುದರಿಂದ ಮೊದಲು ಕೆಲವು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಹೆಣೆದ ದಾರವನ್ನು ಕಟ್ಟುತ್ತಾರೆ.

ಸ್ಥಿರ ಸುರುಳಿಯ ರೀಲಿನ ಸಹಜ ದೋಷವೆಂದರೆ ದಾರದ ತಿರುಚು. ಡ್ರ್ಯಾಗ್ ಜಾರುತ್ತಿರುವಾಗಲೇ ಹಿಡಿಯನ್ನು ತಿರುಗಿಸಿದರೆ ದಾರ ಒಳಬರುವುದಿಲ್ಲ; ರೋಟರಿನ ಪ್ರತಿಯೊಂದು ಸುತ್ತಿಗೂ ದಾರ ಒಂದು ಸಲ ತಿರುಚಿಕೊಳ್ಳುತ್ತದೆ. ಗೇರ್ ಅನುಪಾತ 6 ಆಗಿದ್ದರೆ ಹಿಡಿಯ ಹತ್ತು ಸುತ್ತುಗಳಿಂದ ಅರವತ್ತು ತಿರುಚುಗಳಾಗುತ್ತವೆ. ಆದ್ದರಿಂದ ಮೀನು ದಾರ ಎಳೆಯುತ್ತಿರುವಾಗ ಹಿಡಿಯನ್ನು ತಿರುಗಿಸಬಾರದು. ಎಸೆತದ ನಂತರ ಬೇಲನ್ನು ಕೈಯಿಂದ ಮುಚ್ಚಿ, ಸಡಿಲ ದಾರವನ್ನು ಎಳೆದು ಬಿಗಿ ಮಾಡಿಕೊಂಡರೆ ಗೋಜಲುಗಳು ಕಡಿಮೆಯಾಗುತ್ತವೆ. ತಿರುಚು ಹೆಚ್ಚಾದಾಗ ಎರೆಯನ್ನು ಕಳಚಿ, ಬರಿಯ ದಾರವನ್ನು ಹರಿಯುವ ನೀರಿಗೆ ಅಥವಾ ಚಲಿಸುವ ದೋಣಿಯ ಹಿಂದೆ ಬಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ರೀಲು

ಪ್ರತಿ ಬಳಕೆಯ ನಂತರ ಡ್ರ್ಯಾಗ್ ತಿರುಪನ್ನು ಬಿಗಿ ಮಾಡಿ, ರೀಲಿನ ಮೇಲೆ ಸಿಹಿನೀರನ್ನು ತೆಳುವಾಗಿ ಹರಿಸಿ ಮರಳನ್ನು ತೊಳೆದು, ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಜೋರಾಗಿ ಚಿಮ್ಮುವ ನೀರು ಕೊಳೆಯನ್ನು ಹೊರತಳ್ಳುವ ಬದಲು ಬೇರಿಂಗುಗಳ ಒಳಕ್ಕೆ ನುಗ್ಗಿಸುತ್ತದೆ. ಒಣಗಿದ ಮೇಲೆ ತಿರುಪನ್ನು ಪೂರ್ಣವಾಗಿ ಸಡಿಲಿಸಿ ಇಡಬೇಕು. ತಿಂಗಳುಗಟ್ಟಲೆ ಬಿಗಿಯಾಗಿಟ್ಟ ವಾಷರುಗಳು ಚಪ್ಪಟೆಯಾಗಿ, ಮುಂದಿನ ಋತುವಿನಲ್ಲಿ ಅಂಟಿಕೊಂಡು ಜಾರುತ್ತವೆ.

ದಾರದ ಉರುಳೆ, ಬೇಲಿನ ಕೀಲು ಮತ್ತು ಹಿಡಿಯ ಗುಂಡಿಗೆ ಆಗಾಗ ಒಂದೊಂದು ಹನಿ ರೀಲಿನ ಎಣ್ಣೆ ಸಾಕು. ಉರುಳೆ ತಿರುಗದೆ ನಿಂತರೆ ದಾರ ಒಂದೇ ಕಡೆ ಉಜ್ಜಿ ಸವೆಯುತ್ತದೆ, ತಿರುಚೂ ಹೆಚ್ಚುತ್ತದೆ. ವರ್ಷಕ್ಕೊಮ್ಮೆ ರೀಲನ್ನು ಬಿಚ್ಚಿ ಹಳೆಯ ಗ್ರೀಸನ್ನು ಒರೆಸಿ, ಹಲ್ಲುಚಕ್ರಗಳಿಗೆ ಹೊಸ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವ ಒಮ್ಮುಖ ಕ್ಲಚ್ಚಿಗೆ ಗ್ರೀಸ್ ತಾಗಬಾರದು. ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿ ಕ್ಲಚ್ಚು ಜಾರುತ್ತದೆ. ಡ್ರ್ಯಾಗಿನ ವಾಷರುಗಳಿಗೆ ಸಾಮಾನ್ಯ ಎಣ್ಣೆಯನ್ನು ಹಾಕಬಾರದು; ತಯಾರಕರು ಸೂಚಿಸಿದ ಡ್ರ್ಯಾಗ್ ಗ್ರೀಸನ್ನು ಮಾತ್ರ ಬಳಸಬೇಕು.

ಕೋಲು

ಉಂಗುರಗಳ ಒಳಭಾಗದ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೂ ಅದು ದಾರವನ್ನು ಕೆರೆಯುತ್ತದೆ. ಹತ್ತಿಯ ತುಣುಕನ್ನು ಉಂಗುರದೊಳಗೆ ಸುತ್ತಲೂ ಒರೆಸಿದಾಗ ಎಳೆ ಸಿಕ್ಕಿಕೊಂಡರೆ ಆ ಉಂಗುರವನ್ನು ಬದಲಾಯಿಸಬೇಕು. ಕೋಲುಗಳು ಮೀನಿನ ಬಲದಿಂದ ಮುರಿಯುವುದಕ್ಕಿಂತ ವಾಹನದ ಬಾಗಿಲಿಗೆ ಸಿಕ್ಕಿಯೋ ಭಾರದ ಎರೆ ಬಡಿದು ಉಂಟಾದ ಗಾಯದಿಂದಲೋ ಮುರಿಯುವುದು ಹೆಚ್ಚು. ಮೀನು ಹತ್ತಿರ ಬಂದಾಗ ಕೋಲನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಎಲ್ಲ ಹೊರೆಯೂ ತೆಳುವಾದ ತುದಿಯ ಮೇಲೆ ಬಿದ್ದು ಅದು ಮುರಿಯುತ್ತದೆ.

ಕೊಕ್ಕೆ ಮತ್ತು ಎರೆ

ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಎಳೆದಾಗ ಅದು ಜಾರದೆ ನಾಟಿಕೊಳ್ಳಬೇಕು. ಜಾರಿದರೆ ಅರದಿಂದ ಹರಿತಗೊಳಿಸಬೇಕು ಅಥವಾ ಬದಲಾಯಿಸಬೇಕು. ಒದ್ದೆ ಎರೆಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಒಂದರ ತುಕ್ಕು ಎಲ್ಲಕ್ಕೂ ಹರಡುತ್ತದೆ. ಮೆದು ಪ್ಲಾಸ್ಟಿಕ್ ಎರೆಗಳು ಬಣ್ಣ ಬಳಿದ ಎರೆಗಳ ಜೊತೆ ಸೇರಿದರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಸೊಳ್ಳೆ ನಿವಾರಕಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ ಅದನ್ನು ಹಚ್ಚಿದ ಕೈಯಿಂದ ದಾರ ಮತ್ತು ಎರೆಗಳನ್ನು ಮುಟ್ಟಬಾರದು.

ಪರಿಸರ ಮತ್ತು ಮೀನಿನ ಸುರಕ್ಷತೆ

ಒಂದು ಜಲಮೂಲದಿಂದ ಇನ್ನೊಂದಕ್ಕೆ ಹೋಗುವ ಮುನ್ನ ದೋಣಿ, ಬಲೆ, ಪಾದರಕ್ಷೆ ಹಾಗೂ ಸಲಕರಣೆಗಳನ್ನು ತೊಳೆದು, ನೀರನ್ನು ಬಸಿದು, ಒಣಗಿಸುವಂತೆ ಅಮೆರಿಕ ಮತ್ತು ಕೆನಡಾಗಳಲ್ಲಿ ಪ್ರಚಾರ ನಡೆಯುತ್ತಿದೆ. ಜೀಬ್ರಾ ಮಸ್ಸೆಲ್‌ನ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು, ಉಳಿದ ನೀರಿನ ಹನಿಗಳಲ್ಲೇ ಸಾಗಬಲ್ಲವು. ಕತ್ತರಿಸಿದ ದಾರದ ತುಣುಕುಗಳನ್ನು ನೀರಿಗೆ ಎಸೆಯದೆ ಜೇಬಿನಲ್ಲಿಟ್ಟು ತರಬೇಕು. ನೈಲಾನ್ ದಾರ ಬೇಗ ಕೊಳೆಯುವುದಿಲ್ಲ, ಹಕ್ಕಿಗಳ ಕಾಲು-ರೆಕ್ಕೆಗಳಿಗೆ ಸುತ್ತಿಕೊಳ್ಳುತ್ತದೆ.

ಬಿಟ್ಟುಬಿಡುವ ಮೀನನ್ನು ಒದ್ದೆ ಕೈಯಿಂದ ಹಿಡಿಯಬೇಕು, ಇಲ್ಲವಾದರೆ ಅದರ ಮೈಮೇಲಿನ ರಕ್ಷಕ ಲೋಳೆ ಹೋಗುತ್ತದೆ. ಕೊಕ್ಕೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದರೆ ಬಿಡಿಸುವುದು ಸುಲಭ. ಕೆನಡಾದ ಮ್ಯಾನಿಟೋಬ ಪ್ರಾಂತ್ಯದಲ್ಲಿ ಮುಳ್ಳಿಲ್ಲದ ಕೊಕ್ಕೆ ಕಡ್ಡಾಯ. ಬಹಳ ಆಳದಿಂದ ಮೇಲೆಳೆದ ಸ್ಮಾಲ್‌ಮೌತ್‌ನ ಗಾಳಿಚೀಲ ಒತ್ತಡದ ಬದಲಾವಣೆಯಿಂದ ಉಬ್ಬುತ್ತದೆ; ಅಂತಹ ಮೀನು ಮರಳಿ ಮುಳುಗಲಾರದೆ ತೇಲುತ್ತಿರುತ್ತದೆ. ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಡುಮೀನು ಜಲ್ಲಿಯಲ್ಲಿ ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಆ ಸಮಯದಲ್ಲಿ ಅದನ್ನು ಹಿಡಿದರೆ ಇತರ ಮೀನುಗಳು ಕೂಡಲೇ ಮೊಟ್ಟೆಗಳನ್ನು ತಿನ್ನುತ್ತವೆ. ಈ ಕಾರಣಕ್ಕಾಗಿ ಕೆಲವು ಪ್ರದೇಶಗಳಲ್ಲಿ ಆ ಅವಧಿಯ ಮೀನುಗಾರಿಕೆಗೆ ನಿರ್ಬಂಧವಿದೆ.

ಮೂಲನೆಲೆಯ ಹೊರಗೆ ಈ ಮೀನು ಹಾನಿಕಾರಕ ಪರಕೀಯ ಪ್ರಭೇದ. ಜಪಾನಿನಲ್ಲಿ 2005ರಲ್ಲಿ ಜಾರಿಗೆ ಬಂದ ಕಾನೂನಿನ ಅಡಿಯಲ್ಲಿ ಇದನ್ನು ಜೀವಂತವಾಗಿ ಸಾಗಿಸುವುದು, ಸಾಕುವುದು ಮತ್ತು ಬೇರೆಡೆ ಬಿಡುವುದು ನಿಷಿದ್ಧ. ಹಿಡಿದ ಮೀನನ್ನು ಬಿಡಬೇಕೇ ಬೇಡವೇ ಎಂಬುದನ್ನು ಆಯಾ ಸ್ಥಳದ ನಿಯಮಗಳೇ ನಿರ್ಧರಿಸುತ್ತವೆ.